ಗ್ಯಾರೇಜು ಖಾಲಿಯಾಗುವ ದಿನ

ಆ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಗ್ರೈಂಡರಿನ ಸದ್ದಿಗೆ. ಕೆಳಗೆ ಗ್ಯಾರೇಜಿನಲ್ಲಿ ಮಾವ ಕಬ್ಬಿಣ ಉಜ್ಜಲು ಶುರುಮಾಡಿದರೆ ಮೇಲೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಗಿಲಿಗಿಲಿ ಅನ್ನುತ್ತಿದ್ದವು. ಸೊಸೆ ಅಷ್ಟರಲ್ಲಿ ಎದ್ದು, ಗಂಡನನ್ನು ಮಗ್ಗುಲು ಹೊರಳಿಸಿ, ಬೆನ್ನು ಒರೆಸಿ, ಮೂತ್ರದ ಚೀಲ ಖಾಲಿ ಮಾಡಿ, ಕೈ ತೊಳೆದುಕೊಂಡು ಟೀಗೆ ನೀರಿಟ್ಟಿರುತ್ತಿದ್ದಳು. ಅತ್ತೆ ಬ್ರೆಡ್ಡು ಕೊಯ್ಯುತ್ತಿದ್ದರು. ಗ್ರೈಂಡರ್ ನಿಂತಿತೆಂದರೆ ಮಾವ ಮೇಲೆ ಬರುತ್ತಾರೆ ಎಂದರ್ಥ. ಆಗ ಎಲ್ಲರೂ ತಟ್ಟೆ ಹಿಡಿದು ಗಂಡನ ಕೋಣೆಗೆ ಹೋಗಿ, ಅವನ ಮಂಚದ ಸುತ್ತ ಕೂತು ತಿನ್ನಬೇಕು. ಏಣಿಯಿಂದ ಬಿದ್ದ ಮೇಲೆ ಅವನೊಬ್ಬನೇ ತಿನ್ನಬಾರದು ಅಂತ ಅತ್ತೆ ಮಾಡಿದ ಏರ್ಪಾಡು ಅದು.

ಗಂಡ ಎಲೆಕ್ಟ್ರಿಷಿಯನ್. ಬಟ್ಟೆ ಅಂಗಡಿಯೊಂದರ ಬೋರ್ಡಿಗೆ ದೀಪ ಹಾಕಲು ಏಣಿ ಹತ್ತಿದವನು ಏಣಿಯ ಸಮೇತ ಬಿದ್ದ. ಏಣಿಗೆ ಏನೂ ಆಗಲಿಲ್ಲ. ಇವನಿಗೆ ಎದೆಯ ಕೆಳಗೆ ಯಾವುದೂ ತನ್ನದಲ್ಲ ಎನ್ನುವಂತಾಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ದೊಡ್ಡ ಡಾಕ್ಟರು ಮಾವನೊಬ್ಬರನ್ನೇ ಒಳಗೆ ಕರೆದು ಮಾತಾಡಿದರು. ಹೊರಗೆ ಬಂದ ಮಾವ, "ಟೈಮ್ ಹಿಡಿಯುತ್ತಂತೆ," ಎಂದಷ್ಟೇ ಹೇಳಿ ಔಷಧಿ ಅಂಗಡಿಯ ಕಡೆ ನಡೆದುಬಿಟ್ಟರು. ಎಷ್ಟು ಟೈಮು ಅಂತ ಯಾರೂ ಕೇಳಲಿಲ್ಲ. ಕೇಳಬೇಕಾಗಿತ್ತು.

ಮನೆಯಾದರೋ, ಅಗಲದಲ್ಲಿ ಜಿಪುಣತನ ಮಾಡಿ ಎತ್ತರಕ್ಕೆ ಎಬ್ಬಿಸಿದ್ದು. ರಸ್ತೆಗೆ ಗ್ಯಾರೇಜು, ಅದರ ಮೇಲೆ ಎರಡು ಕೋಣೆ, ಅಡುಗೆಮನೆ, ಬಚ್ಚಲು. ನಡುವೆ ಒಂದು ಮೆಟ್ಟಿಲು. ಮದುವೆಯಾದ ಹೊಸದರಲ್ಲಿ ಸೊಸೆಯ ಬೀರು ಆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಕಿಟಕಿಯ ಸರಳು ಬಿಚ್ಚಿ ಹಗ್ಗ ಕಟ್ಟಿ ಒಳಗೆ ಎಳೆದುಕೊಳ್ಳಬೇಕಾಯಿತು. ಗಂಡ ಆಗ ಬಿದ್ದು ಬಿದ್ದು ನಕ್ಕಿದ್ದ. ಈಗ ವಾರಕ್ಕೊಮ್ಮೆ ಅವನನ್ನೇ ಆ ತಿರುವಿನಲ್ಲಿ ಇಳಿಸಿ, ಕ್ಲಿನಿಕ್ಕಿಗೆ ಕರೆದೊಯ್ದು, ಬೆನ್ನಿನ ಕೆಳಗಾದ ಹುಣ್ಣಿಗೆ ಪಟ್ಟಿ ಹಾಕಿಸಿ, ಮತ್ತೆ ಹತ್ತಿಸಬೇಕು. ತಲೆಯ ಕಡೆ ಮಾವ, ಕಾಲಿನ ಕಡೆ ಸೊಸೆ, ಮುಂದೆ ಮುಂದೆ "ಹುಷಾರು, ಹುಷಾರು" ಎನ್ನುತ್ತ ಅತ್ತೆ.

ಮಾವನಿಗೆ ವಯಸ್ಸಾಗಿತ್ತು. ಒಪ್ಪುತ್ತಿರಲಿಲ್ಲ, ಆದರೆ ಆಗಿತ್ತು. ಆ ವಾರ ಇಳಿಸುವಾಗ ತಿರುವಿನಲ್ಲಿ ಅವರ ಕಾಲು ಜಾರಿತು. ಮೂವರೂ ಗೋಡೆಗೆ ಬಡಿದುಕೊಂಡು ನಿಂತರು. ಗಂಡನ ಮೊಣಕೈ ಚರ್ಮ ಕಿತ್ತು ಹೋಯಿತು. ಸೊಸೆಯ ಸೊಂಟದಲ್ಲಿ ಏನೋ ಚಳಕ್ ಅಂದದ್ದು ಅವಳಿಗೊಬ್ಬಳಿಗೇ ಕೇಳಿಸಿತು.

"ಬೀರುಗಿಂತ ನಾನೇ ವಾಸಿ. ನಾನಾದ್ರೂ ಮಡಚಿಕೊಳ್ತೀನಿ," ಎಂದ ಗಂಡ.

ಯಾರೂ ನಗಲಿಲ್ಲ. ಮಾವ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಟ್ಟರು.

ಕ್ಲಿನಿಕ್ಕಿನ ನರ್ಸಮ್ಮ ಹುಣ್ಣಿನ ಪಟ್ಟಿ ಬಿಚ್ಚಿ ನೋಡಿ ಮುಖ ಗಂಟಿಕ್ಕಿದಳು. "ಇದು ಒಳಗೆ ಇಳೀತಿದೆ. ಇವರನ್ನ ದಿನಾ ಗಾಲಿಕುರ್ಚಿಗೆ ಹಾಕಿ ಓಡಾಡಿಸ್ಬೇಕು, ಗಾಳಿ ಬೆಳಕಿಗೆ ತರಬೇಕು ಅಂತ ಹೇಳಿದ್ದೆನಲ್ಲ?"

"ಮೇಲಿನ ಮನೆ. ಕುರ್ಚಿ ತಿರುಗಲ್ಲ," ಎಂದಳು ಸೊಸೆ.

"ಕೆಳಗಡೆ ರೂಮಿಲ್ವಾ?"

ಸೊಸೆ ಮಾವನ ಮುಖ ನೋಡಿದಳು. ಮಾವ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು.

ಕೆಳಗಡೆ ರೂಮಿತ್ತು. ಅಗಲದ ಬಾಗಿಲು, ನೇರ ರಸ್ತೆ, ಒಳಗೇ ನಲ್ಲಿ, ನೀರು ಹೋಗಲು ಮೋರಿ. ಒಂದು ಅಡ್ಡಗೋಡೆ ಎಬ್ಬಿಸಿ ಬಚ್ಚಲು ಮಾಡಿಬಿಟ್ಟರೆ ಗಂಡ ಬೆಳಿಗ್ಗೆ ಎದ್ದು ಕುರ್ಚಿಯಲ್ಲಿ ಬಾಗಿಲಿಗೆ ಬಂದು ಕೂರಬಹುದು. ಯಾರ ಸೊಂಟವೂ ಮುರಿಯಬೇಕಾಗಿಲ್ಲ. ಆದರೆ ಆ ರೂಮಿನ ನಟ್ಟನಡುವೆ ಮೋಟಾರ್ ಸೈಕಲ್ ಒಂದು ಕಾಲೂರಿ ನಿಂತಿತ್ತು.

ಅಂಗಡಿಯಲ್ಲಿ ಸಿಗುವಂಥ ಮೋಟಾರ್ ಸೈಕಲ್ ಅಲ್ಲ. ಗುಜರಿಯಿಂದ ತಂದ ಇಂಜಿನ್ನು, ಪೈಪು ಬಗ್ಗಿಸಿ ತಾವೇ ವೆಲ್ಡ್ ಮಾಡಿದ ಚಾಸಿ, ಮರಳು ಚೀಲದ ಮೇಲೆ ತಗಡು ಬಡಿದು ಬಡಿದು ಉಬ್ಬಿಸುತ್ತಿದ್ದ ಟ್ಯಾಂಕು. ಅಪ್ಪ ಮಗ ಸೇರಿ ಶುರುಮಾಡಿದ್ದು, ಬೀಳುವುದಕ್ಕೆ ಮುಂಚೆ. ಮಾವ ಜೀವಮಾನವಿಡೀ ಗೇಟು, ಕಿಟಕಿ, ಕಟಕಟೆ ಮಾಡಿದವರು. ಅಳತೆಯಿಲ್ಲದೆ ಒಂದು ಸರಳು ಕೊಯ್ಯುವವರಲ್ಲ. ಮಗನನ್ನು ಗೋಡೆಗೆ ಒರಗಿಸಿ, ಸ್ಟೂಲಿನ ಮೇಲೆ ಕೂರಿಸಿ, ಕೈ ಚಾಚಿಸಿ, ದರ್ಜಿಯ ಹಾಗೆ ಟೇಪು ಹಿಡಿದು ಸೀಮೆಸುಣ್ಣದಲ್ಲಿ ಗೀಟು ಎಳೆದಿದ್ದರು. ಮೊಣಕಾಲು ಇಲ್ಲಿ, ಮುಂಗೈ ಇಲ್ಲಿ, ಕಾಲು ಊರಿದರೆ ಇಲ್ಲಿ. ಗೋಡೆಯ ಮೇಲೆ ಅರ್ಧ ಮನುಷ್ಯ ಬರೆದ ಹಾಗಿತ್ತು.

"ಸೀಟು ಒಂದೇ ಇದೆಯಲ್ಲ, ನಾನೆಲ್ಲಿ ಕೂರಲಿ?" ಎಂದು ಆಗ ಅವಳು ಕೇಳಿದ್ದಳು.

"ಇಂಥ ಗಾಡಿಗೆ ಹಿಂದಿನ ಸೀಟಿರಲ್ಲ ಕಣೇ. ಅದೇ ಅದರ ಸ್ಟೈಲು."

"ಹಾಗಾದ್ರೆ ಹೆಂಡತಿ?"

"ಬಸ್ಸಲ್ಲಿ ಬರ್ತಾಳೆ."

ಗಂಡ ಮಂಚ ಹಿಡಿದ ಮೇಲೆ ಆ ಕೆಲಸ ನಿಂತುಹೋಗುತ್ತದೆಂದು ಅವಳು ಅಂದುಕೊಂಡಿದ್ದಳು. ನಿಲ್ಲಲಿಲ್ಲ. ಬಂದ ಗೇಟಿನ ಆರ್ಡರುಗಳನ್ನೆಲ್ಲ ಮಾವ "ಜಾಗ ಇಲ್ಲ" ಅಂತ ವಾಪಸ್ಸು ಕಳಿಸಿ, ಅದೇ ಗೀಟುಗಳ ಅಳತೆಗೆ ಗಾಡಿ ಕಟ್ಟುತ್ತ ಹೋದರು. ಮನೆ ನಡೆಯುತ್ತಿದ್ದದ್ದು ಸೊಸೆಯ ಲಾಂಡ್ರಿ ಸಂಬಳದಲ್ಲಿ. ಅವಳು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ದಿನವಿಡೀ ಒದ್ದೆ ದುಪ್ಪಟಿಗಳನ್ನು ಮಷೀನಿನಿಂದ ಎಳೆದು ಹಾಕಿ, ಸಂಜೆ ಮನೆಗೆ ಬಂದು ಗಂಡನನ್ನು ಎತ್ತುತ್ತಿದ್ದಳು.

ಕ್ಲಿನಿಕ್ಕಿನಿಂದ ಬಂದ ಸಂಜೆ ಅವಳು ಟೀ ಹಿಡಿದುಕೊಂಡು ಗ್ಯಾರೇಜಿಗೆ ಇಳಿದಳು.

"ಮಾವ, ನರ್ಸಮ್ಮ ಹೇಳಿದ್ದು ಕೇಳಿಸಿಕೊಂಡ್ರಲ್ಲ."

"ಹೂಂ."

"ಇದನ್ನ ಒಂದು ಕಡೆ ಸರಿಸಿ ಇಲ್ಲಿ ಇವರಿಗೆ ಮಂಚ ಹಾಕೋಣ. ನನಗೊಬ್ಬ ಮೇಸ್ತ್ರಿ ಗೊತ್ತು. ವಾರದಲ್ಲಿ ಗೋಡೆ ಎಬ್ಬಿಸಿ ಕೊಡ್ತಾನೆ."

ಮಾವ ಚೈನ್ ಚಕ್ರಕ್ಕೆ ಎಣ್ಣೆ ಹಚ್ಚುತ್ತಿದ್ದರು, ತಲೆಯೆತ್ತಲಿಲ್ಲ. "ಇದು ಮುಗೀಲಿ ತಾಯಿ. ಅರ್ಧ ಆದದ್ದನ್ನ ಎತ್ತಿಟ್ಟು ನನಗೆ ಅಭ್ಯಾಸ ಇಲ್ಲ."

"ಯಾವತ್ತು ಮುಗಿಯುತ್ತೆ?"

"ಅವನು ಇದರ ಮೇಲೆ ಕೂತು, ಸರಿ ಇದೆ ಅಂದ ದಿನ. ಅವತ್ತೇ ಸಂಜೆ ಗ್ಯಾರೇಜು ಖಾಲಿ ಮಾಡಿಕೊಡ್ತೀನಿ. ಆಯ್ತಾ?"

"ಇಷ್ಟು ದೊಡ್ಡ ಗಾಡಿ ಮಾಡೋ ಕೈ ನಿಮ್ಮದು. ಅದೇ ಕಬ್ಬಿಣದಲ್ಲಿ ಮೆಟ್ಟಿಲಿಗೆ ಒಂದು ರಾಟೆ, ಕುರ್ಚಿ, ಏನಾದ್ರೂ ಮಾಡಿದ್ರೆ ಇವರನ್ನ..."

ಮಾವ ಎಣ್ಣೆಯ ಡಬ್ಬಿ ನೆಲಕ್ಕೆ ಕುಕ್ಕಿದರು. "ಅವನೇನು ಸಿಮೆಂಟ್ ಮೂಟೇನಾ, ರಾಟೆ ಹಾಕಿ ಎಳೆಯೋಕೆ?"

ಅವಳು ಟೀ ಲೋಟ ಸ್ಟೂಲಿನ ಮೇಲಿಟ್ಟು ಮೇಲೆ ಹೋದಳು. ಮೂಟೆಯಾದರೆ ಮೇಲಾಗಿತ್ತು, ಮೂಟೆಗೆ ಹುಣ್ಣಾಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮಾವನ ಕಡೆಯಿಂದ ಆಗಲಿಲ್ಲವೆಂದ ಮೇಲೆ ಗಂಡನ ಕಡೆಯಿಂದ ನೋಡೋಣವೆಂದುಕೊಂಡಳು. ಅದೇನೂ ಸುಲಭವಿರಲಿಲ್ಲ. ಊಟದ ಹೊತ್ತಿಗೆ ಆ ಕೋಣೆಯಲ್ಲಿ ಬರೀ ಗಾಡಿಯ ಮಾತು. ಮಾವ ಅನ್ನ ಕಲಸುತ್ತ, "ಸೈಲೆನ್ಸರ್ ಬಲಗಡೆಗೇ ಇರಲಾ?" ಅನ್ನುವರು. ಗಂಡ ದಿಂಬಿಗೊರಗಿ ಕಣ್ಣುಮುಚ್ಚಿ ಯೋಚಿಸಿ, "ಬಲಗಡೆನೇ, ಆದ್ರೆ ಸ್ವಲ್ಪ ಮೇಲೆತ್ತು. ತಿರುವಲ್ಲಿ ವಾಲಿಸಿದ್ರೆ ನೆಲಕ್ಕೆ ತಾಗಬಾರದು," ಅನ್ನುವನು. ತಿರುವಿನಲ್ಲಿ ವಾಲಿಸುತ್ತಾನಂತೆ. ಮಗ್ಗುಲು ಬದಲಾಯಿಸಲು ಹೆಂಡತಿಯನ್ನು ಕೂಗುವವನು. ಅತ್ತೆ ಇಬ್ಬರ ತಟ್ಟೆಗೂ ಇನ್ನೊಂದು ಮೊಟ್ಟೆ ಹಾಕುವರು.

ಒಂದು ಬೆಳಿಗ್ಗೆ ಅವನ ಕಾಲು ತೊಳೆಯುವಾಗ ಅವಳು ಬಾಯಿಬಿಟ್ಟಳು.

"ರೀ, ಒಂದು ಕೇಳ್ಲಾ? ಬೈಬಾರದು."

"ಬೈಯೋಕೆ ಎದ್ದು ಬರಬೇಕಲ್ಲ. ಕೇಳು."

"ಆ ಗಾಡೀನ ಓಡಿಸ್ತೀನಿ ಅಂತ ನಿಮಗೆ ನಿಜವಾಗ್ಲೂ ಇದೆಯಾ?"

ಅವನು ಅವಳ ಕೈಯಲ್ಲಿದ್ದ ತನ್ನ ಪಾದವನ್ನು ನೋಡಿದ. "ನೀನೀಗ ಒರೆಸ್ತಿರೋದು ಬಲಗಾಲೋ ಎಡಗಾಲೋ ಅಂತ ನೋಡದೆ ಹೇಳು ಅಂದ್ರೆ ನನಗೆ ಗೊತ್ತಾಗಲ್ಲ. ಇನ್ನು ಗೇರು, ಬ್ರೇಕು. ನನಗೇನು ಹುಚ್ಚಾ?"

"ಮತ್ತೆ ಸೈಲೆನ್ಸರ್ ಮೇಲೆತ್ತು, ಕೆಳಗಿಳಿಸು ಅಂತೀರಲ್ಲ ದಿನಾ?"

"ಅಪ್ಪನಿಗೋಸ್ಕರ ಕಣೇ. ಅವರ ಮುಖ ನೋಡಿದ್ದೀಯಾ ನೀನು? ಆಸ್ಪತ್ರೆಯಿಂದ ಬಂದ ಮೇಲೆ ಆ ಮೆಟ್ಟಿಲ ಮೇಲೆ ಕೂತುಬಿಡ್ತಿದ್ರು. ಊಟಕ್ಕೆ ಕರೆದ್ರೂ ಏಳ್ತಿರಲಿಲ್ಲ. ನಾನು ವಾಸಿಯಾಗ್ತೀನಿ ಅಂತ ನಂಬಿಕೊಂಡಿದ್ದಾರೆ. ಆ ಗಾಡಿ ಇಲ್ಲ ಅಂದ್ರೆ ಅವರು ಉಳಿಯೋದಿಲ್ಲ."

ಸೊಸೆ ಪಾದ ಒರೆಸಿ, ಬೆರಳ ಸಂದಿಗೆ ಪೌಡರ್ ಹಾಕಿ, ಹೊದಿಕೆ ಎಳೆದಳು. ಅಳು ಬಂದಿತ್ತು. ಲಾಂಡ್ರಿಗೆ ತಡವಾಗುತ್ತಿತ್ತು, ಅಳದೆ ಹೋದಳು.

ಲಾಂಡ್ರಿಯಲ್ಲಿ ಆ ವಾರ ಅವಳಿಗೆ ಬುಟ್ಟಿ ಎತ್ತಲು ಆಗಲಿಲ್ಲ. ಬಗ್ಗಿದವಳು ಹಾಗೇ ಮಷೀನು ಹಿಡಿದು ನಿಂತುಬಿಟ್ಟಳು. ಮೇಲ್ವಿಚಾರಕಿ ಅವಳನ್ನು ಮಡಿಸುವ ಮೇಜಿಗೆ ಹಾಕಿ, "ಇದು ವಯಸ್ಸಾದವರ ಮೇಜು. ನಿನ್ನ ವಯಸ್ಸಿಗೆ ಇಲ್ಲಿಗೆ ಬಂದ್ರೆ ಮುಂದಕ್ಕೆ ಎಲ್ಲಿಗೆ ಕಳಿಸಲಿ?" ಎಂದಳು. ಕೆಟ್ಟ ಹೆಂಗಸಲ್ಲ, ಇದ್ದದ್ದು ಹೇಳಿದಳು. ಸೊಸೆ ದುಪ್ಪಟಿ ಮಡಿಸುತ್ತ ಲೆಕ್ಕ ಹಾಕಿದಳು. ಸೊಂಟ ಹೋದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಗಾಡಿಯ ಬೋಲ್ಟು ತಿಂದುಕೊಂಡು ಬದುಕಬೇಕು.

ಮುಂದಿನ ಭಾನುವಾರ ಅವಳು ಮತ್ತೆ ಗ್ಯಾರೇಜಿಗೆ ಇಳಿದಳು. ಈ ಸಲ ಟೀ ಇರಲಿಲ್ಲ.

"ಮಾವ, ಡಾಕ್ಟ್ರು ಅವತ್ತು ನಿಮಗೆ ಏನಂದ್ರು?"

ಮಾವ ಮರದ ಸುತ್ತಿಗೆಯಿಂದ ಟ್ಯಾಂಕಿನ ಅಂಚು ತಟ್ಟುತ್ತಿದ್ದರು. ತಟ್ಟುವುದು ನಿಂತಿತು.

"ಟೈಮ್ ಹಿಡಿಯುತ್ತೆ ಅಂದ್ರು ಅಂತ ಹೇಳಿದ್ನಲ್ಲ."

"ಅದು ನೀವು ನಮಗೆ ಹೇಳಿದ್ದು. ಅವರು ನಿಮಗೆ ಏನಂದ್ರು?"

ಮಾವ ಸುತ್ತಿಗೆಯನ್ನು ಟ್ಯಾಂಕಿನ ಪಕ್ಕದಲ್ಲಿ ಮಲಗಿಸಿದರು. ಅವರ ಗಲ್ಲದ ಮೇಲೆ ಕಬ್ಬಿಣದ ಪುಡಿ ಕೂತಿತ್ತು. "ಎದ್ದು ನಿಲ್ಲೋದು ಇರಲಿ, ಬೆಂಬಲ ಇಲ್ದೆ ಕೂರೋದೂ ಆಗಲ್ಲ ಅಂದ್ರು. ಹುಣ್ಣಾಗದ ಹಾಗೆ ನೋಡಿಕೊಳ್ಳಿ, ಅಷ್ಟೇ ನಿಮ್ಮ ಕೈಲಿರೋದು ಅಂದ್ರು. ಬಿಡಿಸಿ ಬಿಡಿಸಿ ಹೇಳಿದ್ರಮ್ಮ. ನನಗೆ ಕಿವಿ ಚೆನ್ನಾಗೇ ಕೇಳಿಸುತ್ತೆ."

"ಅಂದ ಮೇಲೆ ಇದ್ಯಾಕೆ ಮಾವ?"

"ಅವನು ಬಂದ ಹೊಸದರಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ನಿನ್ನ ಜೊತೇನೂ ಮಾತಿಲ್ಲ, ಅವನ ಅಮ್ಮನ ಜೊತೇನೂ ಇಲ್ಲ. ನಾನು ಒಂದು ದಿನ ಟ್ಯಾಂಕಿನ ತಗಡು ತಗೊಂಡುಹೋಗಿ ಮಂಚದ ಮೇಲಿಟ್ಟೆ. ಕೈಯಾಡಿಸಿ ನೋಡಿ, 'ಇಲ್ಲಿ ತಗ್ಗಿದೆ ಅಪ್ಪ' ಅಂದ. ಅದೇ ಮೊದಲ ಮಾತು." ಮಾವ ಗಲ್ಲದ ಪುಡಿ ಒರೆಸಿಕೊಂಡರು. "ಅವನು ಇದರ ಮೇಲೆ ಆಸೆ ಇಟ್ಟುಕೊಂಡು ಉಸಿರಾಡ್ತಿದ್ದಾನೆ. ನಾನು ಕಿತ್ತುಕೊಳ್ಳೋಕೆ ಆಗುತ್ತಾ, ಹೇಳು?"

ಆ ಕ್ಷಣ ಸೊಸೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪಾಪ, ಸಂತೋಷಪಟ್ಟಳು. ಇಬ್ಬರಿಗೂ ಗೊತ್ತಿದೆ. ಇವರಿಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ, ಅವರಿಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲ. ಇಬ್ಬರನ್ನೂ ಎದುರು ಬದುರು ಕೂರಿಸಿ ಒಂದು ಮಾತು ಹೇಳಿಬಿಟ್ಟರೆ ಮುಗಿಯಿತು. ಒಂದು ಗಂಟೆ ಅತ್ತುಕೊಳ್ಳುತ್ತಾರೆ, ಆಮೇಲೆ ಮೇಸ್ತ್ರಿಗೆ ಹೇಳಿ ಕಳಿಸುವುದು. ಅವಳು ಮೆಟ್ಟಿಲು ಹತ್ತುವಾಗ ಸೊಂಟ ನೋಯುತ್ತಿದೆ ಅನ್ನುವುದನ್ನೂ ಮರೆತಿದ್ದಳು.

ಅವತ್ತೇ ಮಧ್ಯಾಹ್ನ ಊಟಕ್ಕೆ ಕೂತರು. ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಮಾವ ಎಂದಿನಂತೆ, "ಹ್ಯಾಂಡಲಿಗೆ ಪೈಪು ತಂದಿದ್ದೀನಿ, ಎಷ್ಟು ಬಗ್ಗಿಸಲಿ?" ಎಂದು ಶುರುಮಾಡಿದರು.

"ಮಾವ," ಎಂದಳು ಸೊಸೆ, "ಇವರಿಗೆ ಎಲ್ಲ ಗೊತ್ತಿದೆ."

"ಏನು ಗೊತ್ತಿದೆ?"

"ಗಾಡಿ ಓಡಿಸೋಕೆ ಆಗಲ್ಲ ಅಂತ ಇವರಿಗೂ ಗೊತ್ತು. ನನಗೆ ಹೇಳಿದ್ದಾರೆ. ನೀವು ನೊಂದುಕೊಳ್ತೀರಿ ಅಂತ ನಿಮ್ಮ ಮುಂದೆ ಹೇಳ್ತಿಲ್ಲ. ರೀ, ಮಾವನಿಗೂ ಗೊತ್ತು. ಡಾಕ್ಟ್ರು ಅವತ್ತೇ ಹೇಳಿದ್ರಂತೆ. ನಿಮಗೋಸ್ಕರ ಇದನ್ನ ಮಾಡ್ತಿದ್ದಾರೆ. ನೀವು ಅವರಿಗೋಸ್ಕರ, ಅವರು ನಿಮಗೋಸ್ಕರ. ಯಾರಿಗೂ ಬೇಡದ ಗಾಡಿ ಅದು. ಸಾಕು ಮಾಡೋಣ. ಕೆಳಗೆ ಮಂಚ ಹಾಕೋಣ."

ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿದರು. ಈಗ ಅಳುತ್ತಾರೆ ಎಂದುಕೊಂಡಳು.

"ನಾನು ಯಾವಾಗ ಹಾಗಂದೆ?" ಎಂದ ಗಂಡ.

"ಮೊನ್ನೆ ಬೆಳಿಗ್ಗೆ. ಕಾಲು ತೊಳೆಯುವಾಗ."

"ನೋವಲ್ಲಿ ಏನೋ ಅಂದಿರ್ತೀನಿ. ಓಡಿಸಲ್ಲ ಅಂತ ಅಂದಿಲ್ಲ." ಅವನು ಅವಳ ಕಡೆ ನೋಡಲಿಲ್ಲ. "ಅಪ್ಪ, ನೀನು ತಲೆ ಕೆಡಿಸ್ಕೋಬೇಡ. ಹ್ಯಾಂಡಲ್ ಸ್ವಲ್ಪ ಹಿಂದಕ್ಕೇ ಬಗ್ಗಿಸು."

ಮಾವ ಒಂದು ತುತ್ತು ನುಂಗಿದರು. "ಡಾಕ್ಟ್ರು ಟೈಮ್ ಹಿಡಿಯುತ್ತೆ ಅಂತಾನೇ ಅಂದಿದ್ದು," ಎಂದರು. "ಅವಳಿಗೆ ಕೆಲಸದ ಆಯಾಸ. ಏನೋ ಒಂದು ಕೇಳಿಸಿಕೊಂಡು ಏನೋ ಒಂದು ಹೇಳ್ತಾಳೆ. ಬಿಡು."

ಸೊಸೆ ಅತ್ತೆಯ ಕಡೆ ತಿರುಗಿದಳು. ಅತ್ತೆ ಬೇಳೆಯ ಪಾತ್ರೆಗೆ ಸೌಟು ಇಳಿಸಿ, "ಇನ್ನು ಸ್ವಲ್ಪ ಹಾಕ್ಲಾ?" ಎಂದು ಮಗನನ್ನು ಕೇಳಿದರು. ಅವನು ಹಾಕಿಸಿಕೊಂಡ.

ಇಬ್ಬರು ಗಂಡಸರು ತನ್ನನ್ನು ಸುಳ್ಳಿಯನ್ನಾಗಿ ಮಾಡಿ, ಅದೇ ತಟ್ಟೆಯಲ್ಲಿ ಆಲೂಗಡ್ಡೆ ತಿಂದರು ಎನ್ನುವುದನ್ನು ಅವಳು ಬಹಳ ದಿನ ನಂಬಲಾರದೆ ಹೋದಳು. ಪಾತ್ರೆ ತೊಳೆಯುವಾಗ ಅತ್ತೆ ಪಕ್ಕಕ್ಕೆ ಬಂದು ನಿಂತರು.

"ನೀನು ಹೇಳಿದ್ದು ನಿಜ ಅಂತ ನನಗೆ ಗೊತ್ತಮ್ಮ."

"ಹೇಗೆ?"

"ನನ್ನ ಹತ್ರಾನೂ ಇಬ್ಬರೂ ಹೇಳಿದ್ದಾರೆ. ಯಾವತ್ತೋ ಹೇಳಿದ್ರು."

"ಮತ್ತೆ ಅಲ್ಲಿ ಯಾಕೆ ಸುಮ್ಮನಿದ್ರಿ ಅತ್ತೆ?"

"ಊಟ ಮಾಡ್ತಿದ್ರಲ್ಲಮ್ಮ," ಎಂದರು ಅತ್ತೆ. ಮಗ ಊಟ ಮಾಡದೆ ಮಲಗಿದ್ದ ದಿನಗಳನ್ನು ಕಂಡ ಹೆಂಗಸು ಅದು. ಸೊಸೆಗೆ ಸಿಟ್ಟು ಮಾಡಲೂ ಆಗಲಿಲ್ಲ.

ಸಂಜೆ ಮಗ್ಗುಲು ಬದಲಾಯಿಸುವಾಗ ಗಂಡ ಮೆಲ್ಲಗೆ, "ಇನ್ನೊಂದು ಸಲ ಹಾಗೆ ಮಾಡಬೇಡ," ಎಂದ. ಅದರಾಚೆಗೆ ಆ ವಿಷಯವನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಅವಳಿಗೆ ಉಳಿದಿದ್ದದ್ದು ಒಂದೇ ದಾರಿ. ಗಾಡಿ ಮುಗಿದರೆ ಗ್ಯಾರೇಜು ಖಾಲಿ ಮಾಡುತ್ತೇನೆ ಅಂತ ಮಾವ ಬಾಯಿಬಿಟ್ಟು ಹೇಳಿದ್ದಾರೆ, ಮಾತಿಗೆ ತಪ್ಪುವವರಲ್ಲ. ಹಾಗಾದರೆ ಮುಗಿಸಿಯೇಬಿಡೋಣ. ಲಾಂಡ್ರಿಯಿಂದ ಬಂದವಳೇ ಸೆರಗು ಸಿಕ್ಕಿಸಿಕೊಂಡು ಕೆಳಗಿಳಿಯತೊಡಗಿದಳು. ಎಮರಿ ಪೇಪರ್ ಹಿಡಿದು ಟ್ಯಾಂಕು ಉಜ್ಜಿದಳು. ಚಕ್ರದ ಕಡ್ಡಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಳು. ಮಾವ ವೆಲ್ಡ್ ಮಾಡುವಾಗ ಕಪ್ಪು ಗಾಜಿನ ಮರೆಯಿಂದ ಪೈಪು ಹಿಡಿದು ನಿಂತಳು. ಮಾವನಿಗೆ ಮೊದಮೊದಲು ಅನುಮಾನ, ಆಮೇಲೆ ಅಭ್ಯಾಸವಾಯಿತು. "ನಿನ್ನ ಕೈ ಚೆನ್ನಾಗಿದೆ ಕಣಮ್ಮ," ಎಂದೂ ಒಂದು ದಿನ ಹೇಳಿದರು. ಯಾವತ್ತಾದರೂ ಕೇಳಬೇಕೆಂದಿದ್ದ ಮಾತು ಅದು. ಕೇಳಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ.

ಅವಳಿಗೆ ಒಂದೆರಡು ಸಲ ಗೋಡೆಯ ಗೀಟುಗಳ ಮುಂದೆ ನಿಂತು, "ಮಾವ, ಅಳತೆ ಇನ್ನೊಂದು ಸಲ ತಗೊಳ್ಳಬೇಕಲ್ವಾ? ಇವರು ಈಗ ಹೀಗಿಲ್ಲ," ಎಂದು ಹೇಳಬೇಕೆನ್ನಿಸಿತು. ತೊಡೆ ತೋಳಿನಷ್ಟಾಗಿತ್ತು. ಕೂರಿಸಿದರೆ ಚೀಲದಂತೆ ಕುಸಿಯುತ್ತಿದ್ದ. ಆದರೆ ಹೊಸ ಅಳತೆ ಎಂದರೆ ಹೊಸ ಚಾಸಿ, ಹೊಸ ಚಾಸಿ ಎಂದರೆ ಇನ್ನೆಷ್ಟೋ ವಾರ. ಬಾಯಿ ಮುಚ್ಚಿಕೊಂಡು ಉಜ್ಜಿದಳು. ಅಷ್ಟರಮಟ್ಟಿಗೆ ಅವಳೂ ಆ ಮನೆಯವಳೇ ಆಗಿಹೋಗಿದ್ದಳು.

ಹುಣ್ಣು ಅಷ್ಟರಲ್ಲಿ ಇನ್ನೂ ಒಳಕ್ಕೆ ಇಳಿದಿತ್ತು. ನರ್ಸಮ್ಮ ಈಗ ಬೈಯುವುದನ್ನು ಬಿಟ್ಟು ಸುಮ್ಮನೆ ಪಟ್ಟಿ ಕಟ್ಟುತ್ತಿದ್ದಳು, ಬೈಗುಳವೇ ವಾಸಿಯಿತ್ತು.

ಕೊನೆಗೊಂದು ದಿನ ಟ್ಯಾಂಕಿಗೆ ಬಣ್ಣ ಹಾಕಿದ್ದಾಯಿತು, ಕಡು ನೀಲಿ. ಸೀಟಿಗೆ ಚರ್ಮ ಹೊದಿಸಿದ್ದಾಯಿತು. ಮಾವ ಕಿಕ್ ಹೊಡೆದರು. ಇಂಜಿನ್ ಕೆಮ್ಮಿ, ಉಗುಳಿ, ಆಮೇಲೆ ಗಂಭೀರವಾಗಿ ಗುಡುಗುಡು ಎಂದಿತು. ಮೇಲಿನಿಂದ ಗಂಡ ಕೇಕೆ ಹಾಕಿದ. ನಿಜಕ್ಕೂ ಚಂದದ ಗಾಡಿ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿ, "ಮಾರ್ತೀರಾ ಯಜಮಾನ್ರೇ?" ಎಂದು ಕೇಳಿದರು. ಸೊಸೆ ಅವತ್ತೇ ಮೇಸ್ತ್ರಿಯನ್ನು ಕರೆಸಿದಳು. ಅವನು ಗ್ಯಾರೇಜಿನೊಳಗೆ ಟೇಪು ಹಿಡಿದು ಉದ್ದಗಲ ನೋಡಿ, ಮೋರಿಯ ಬಾಯಿ ಇಣುಕಿ, "ಸೋಮವಾರ ಇಟ್ಟಿಗೆ ಇಳಿಸ್ತೀನಮ್ಮ, ಜಾಗ ಖಾಲಿ ಇರಲಿ," ಎಂದು ಹೇಳಿಹೋದ. ಮಾವ ಎಲ್ಲವನ್ನೂ ಕೇಳಿಸಿಕೊಂಡು, "ಆಯ್ತು, ಭಾನುವಾರ ಅವನನ್ನ ಕೂರಿಸೋಣ," ಎಂದರು.

ಭಾನುವಾರ ಇಳಿಸಿದರು. ತಿರುವಿನಲ್ಲಿ ಯಾರೂ ಜಾರಲಿಲ್ಲ. ಗಂಡ ಕ್ಷೌರ ಮಾಡಿಸಿಕೊಂಡು, ಬೀಳುವುದಕ್ಕೆ ಮುಂಚೆ ಹಾಕುತ್ತಿದ್ದ ಚರ್ಮದ ಕೋಟು ಹಾಕಿಕೊಂಡಿದ್ದ. ಅದು ಅವನ ಮೇಲೆ ಜೋತಾಡುತ್ತಿತ್ತು. ಮಾವ ಗಾಡಿಯ ಎರಡೂ ಬದಿಗೆ ಕಬ್ಬಿಣದ ಆಸರೆ ಕೊಟ್ಟು ಅಲ್ಲಾಡದಂತೆ ನಿಲ್ಲಿಸಿದ್ದರು. ಅವನನ್ನು ಎತ್ತಿ ಸೀಟಿನ ಮೇಲಿಟ್ಟಾಗ ಅವನು ಹಾಗೇ ಮುಂದಕ್ಕೆ ಟ್ಯಾಂಕಿನ ಮೇಲೆ ಬಗ್ಗಿಬಿಟ್ಟ. ಸೊಸೆ ಹಿಂದೆ ನಿಂತು, ಕಂಕುಳ ಕೆಳಗೆ ಕೈ ತೂರಿಸಿ, ಎದೆಗೆ ಒತ್ತಿ ಹಿಡಿದಳು. ಅವನ ಭಾರವೆಲ್ಲ ಅವಳ ತೋಳಿಗೆ ಬಂತು. ಪಾದಗಳು ಫುಟ್‌ರೆಸ್ಟಿನಿಂದ ಜಾರಿ ಜಾರಿ ಬಿದ್ದವು. ಅತ್ತೆ ಬಗ್ಗಿ ಒಂದು ಹಳೆಯ ಸೀರೆಯ ಅಂಚು ಹರಿದು ಎರಡು ಪಾದಗಳನ್ನೂ ಕಟ್ಟಿದರು.

ಗಂಡ ಹ್ಯಾಂಡಲಿಗೆ ಕೈ ಇಟ್ಟ. ಟ್ಯಾಂಕಿನ ಮೇಲೆ ಅಂಗೈ ಆಡಿಸಿದ. ಬಾಗಿಲು ಪೂರ್ತಿ ತೆರೆದಿತ್ತು. ಬಿಸಿಲು ಅವನ ಮುಖಕ್ಕೆ ಬಿದ್ದಿತ್ತು. ಅವನು ರಸ್ತೆಯನ್ನು ಎಷ್ಟು ತಿಂಗಳಾದ ಮೇಲೆ ನೇರ ಕೂತು ನೋಡುತ್ತಿದ್ದನೋ. ಹೀಗೇ ಇಲ್ಲಿ ದಿನಾ ಕೂರಬಹುದು ರೀ, ಕುರ್ಚಿಯಲ್ಲಿ, ಎಂದು ಸೊಸೆ ಅವನ ಬೆನ್ನಿಗೆ ಮನಸ್ಸಿನಲ್ಲೇ ಹೇಳಿದಳು. ಒಂದು ಮಾತು ಅನ್ನಿ. ಸರಿ ಇದೆ ಅಂತ ಅಂದುಬಿಡಿ.

"ಹೇಗಿದೆಯಪ್ಪಾ?" ಎಂದು ಮಾವ ಕೇಳಿದರು.

ಗಂಡನ ಭುಜದ ಮೇಲಿನಿಂದ ಅವಳಿಗೆ ಮಾವನ ಮುಖ ಕಾಣುತ್ತಿತ್ತು. ಇಷ್ಟು ದಿನ ಬೆವರು ಸುರಿಸಿ ಮುಗಿಸಿದವನ ಮುಖ ಅಲ್ಲ ಅದು. ಹೆದರಿದ ಮುಖ. ನಾಳೆ ಬೆಳಿಗ್ಗೆ ಎದ್ದರೆ ಇಳಿಯಲು ಒಂದು ಕೆಲಸವಿಲ್ಲದ ಮುದುಕನ ಮುಖ. ಗಂಡ ಅದನ್ನು ಅವಳಿಗಿಂತ ಹತ್ತಿರದಿಂದ ನೋಡುತ್ತಿದ್ದ.

"ಹ್ಯಾಂಡಲ್ ದೂರ ಆಯ್ತಪ್ಪ," ಎಂದ.

"ದೂರ ಆಯ್ತಾ?"

"ಹೂಂ. ಹೀಗೆ ಹಿಡಿದ್ರೆ ಭುಜ ಎಳೆಯುತ್ತೆ."

"ಹಿಂದಕ್ಕೆ ಬಗ್ಗಿಸಿದ್ರೆ ಸಾಕಾ?"

"ಸಾಲದು ಅನ್ಸುತ್ತೆ. ಮುಂದಿನ ಫೋರ್ಕೇ ಸ್ವಲ್ಪ ನೆಟ್ಟಗಾಗಬೇಕು."

ಮಾವ ಕಣ್ಣು ಕಿರಿದು ಮಾಡಿ ನೋಡಿದರು. "ಅಂದ್ರೆ ಚಾಸಿ ಮುಂಭಾಗ ಕೊಯ್ದು ಹೊಸದಾಗಿ ಕೂರಿಸಬೇಕಾಗುತ್ತಲ್ಲೋ."

"ಕೊಯ್ದರೆ ಈ ಟ್ಯಾಂಕು ಕೂರಲ್ಲ."

"ಟ್ಯಾಂಕು ಇನ್ನೊಂದು ಬಡಿಯೋಣ ಬಿಡು. ಅದೇನು ಮಹಾ," ಎಂದರು ಮಾವ. ಅವರ ಮುಖಕ್ಕೆ ರಕ್ತ ಬಂದಿತ್ತು. ಆಗಲೇ ಗೋಡೆಯ ಮೊಳೆಯಿಂದ ಸ್ಪ್ಯಾನರ್ ತೆಗೆದಿದ್ದರು. ಮಗ ಬಗ್ಗಿ, "ಮೊದಲು ಅದಲ್ಲ, ಮೇಲಿನ ಬೋಲ್ಟ್ ಬಿಚ್ಚಪ್ಪ," ಎಂದ. ಇಬ್ಬರ ದನಿಯಲ್ಲೂ ಎಷ್ಟೋ ವಾರಗಳಿಂದ ಇಲ್ಲದ ಹುರುಪಿತ್ತು. ಅತ್ತೆ ಬಾಗಿಲ ಬಳಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಟೀ ಮಾಡ್ತೀನಿ," ಎಂದು ಮೆಟ್ಟಿಲು ಹತ್ತಿದರು.

ಸೊಸೆಯ ತೋಳು ನಡುಗಲು ಶುರುವಾಗಿತ್ತು. ಸೊಂಟದಿಂದ ಉರಿ ಕಾಲಿಗೆ ಇಳಿಯುತ್ತಿತ್ತು.

"ಮಾವ, ಮೊದಲು ಇವರನ್ನ ಇಳಿಸೋಣ. ನನ್ನ ಕೈ ಸೋತುಹೋಗ್ತಿದೆ."

"ಒಂದೇ ನಿಮಿಷ ಕಣಮ್ಮ. ಇದೊಂದು ಸಡಿಲ ಮಾಡಿಬಿಡ್ತೀನಿ."

"ಹಿಡ್ಕೋ ಸ್ವಲ್ಪ," ಎಂದ ಗಂಡ, ತಿರುಗಿ ನೋಡದೆ.

ಅವಳು ಕಾಲು ಇನ್ನಷ್ಟು ಅಗಲಿಸಿ ಊರಿ, ಅವನ ಎದೆಯ ಮುಂದೆ ಬೆರಳಿಗೆ ಬೆರಳು ಹೆಣೆದುಕೊಂಡು ಹಿಡಿದಳು. ಅಪ್ಪ ಮಗ ಎರಡನೆಯ ಬೋಲ್ಟಿಗೆ ಬಂದಿದ್ದರು.